ಹಳದಿ ಶುರುವಾಗಿದ್ದು ಯಾವ ಎಲೆಯಿಂದ?

ಗೋಡೆ ಪಕ್ಕದ ಗಾರ್ಡೇನಿಯಾ ಗಿಡ ಹಳದಿಯಾಗ್ತಿದೆ ಅಂತ ಎರಡು ವಾರದಿಂದ ಸಂಕಟ. ಗೊಬ್ಬರ ಹಾಕಿದೆ, ನೀರು ಹೆಚ್ಚಿಸಿದೆ, ಏನೂ ಆಗಲಿಲ್ಲ. ಇವತ್ತು ಬೆಳಿಗ್ಗೆ ಒಂದು ಎಲೆ ಕಿತ್ತು ಬಿಸಿಲಿಗೆ ಹಿಡಿದು ನೋಡಿದೆ. ನರಗಳೆಲ್ಲ ಹಚ್ಚಹಸಿರು, ನಡುವಿನ ಜಾಗ ಮಾತ್ರ ನಿಂಬೆಹಣ್ಣಿನ ಬಣ್ಣ. ಹಸಿರು ದಾರದಲ್ಲಿ ಹೆಣೆದ ಬಲೆಯ ಹಾಗೆ. ಅದೂ ತುದಿಯ ಎಳೆ ಎಲೆಗಳಲ್ಲೇ. ಕೆಳಗಿನ ಹಳೆ ಎಲೆಗಳು ಚೆನ್ನಾಗಿಯೇ ಇವೆ.

ಇದು ಕಬ್ಬಿಣದ ಕೊರತೆಯ ಲಕ್ಷಣ. ಕಬ್ಬಿಣ ಹಳೆ ಎಲೆಯಿಂದ ಹೊಸದಕ್ಕೆ ಸುಲಭವಾಗಿ ಸಾಗೋದಿಲ್ಲ, ಅದಕ್ಕೇ ಚಿಗುರಿಗೆ ಮೊದಲ ಪೆಟ್ಟು. ಸಾರಜನಕ, ಮೆಗ್ನೀಸಿಯಂ ಹಾಗಲ್ಲ. ಅವು ಕಡಿಮೆಯಾದರೆ ಹಳೆ ಎಲೆಗಳೇ ಮೊದಲು ಹಳದಿಯಾಗುತ್ತವೆ. ಮಣ್ಣಲ್ಲಿ ಕಬ್ಬಿಣ ಇದ್ದರೂ ಪಿಎಚ್ (ಹುಳಿ-ಕ್ಷಾರದ ಅಳತೆ) 7 ದಾಟಿದರೆ, ಅಂದರೆ ಮಣ್ಣು ಕ್ಷಾರವಾದರೆ, ಬೇರಿಗೆ ಅದು ದಕ್ಕೋದು ಕಷ್ಟ. ಗೋಡೆಯ ಸಿಮೆಂಟಿನ ಸುಣ್ಣ ವರ್ಷಗಟ್ಟಲೆ ಮಣ್ಣಿಗಿಳಿದಿರಬೇಕು ಅನ್ನೋದು ನನ್ನ ಗುಮಾನಿ. ಬುಡ ಕೆದಕಿದರೆ ಬರೀ ಕೆಸರು, ನಾನೇ ಸುರಿದ ನೀರು. ಬೇರಿಗೆ ಗಾಳಿಯಾಡದಿದ್ದರೂ ಎಲೆ ಹೀಗೇ ಬಿಳಿಚಿಕೊಳ್ಳುತ್ತೆ.

ಸದ್ಯ ನೀರು ನಿಲ್ಲಿಸಿದ್ದೀನಿ. ಮೊದಲು ಮಣ್ಣಿನ ಪಿಎಚ್ ಪರೀಕ್ಷೆ, ಬೇಕಾದರೆ ಆಮೇಲೆ ಚೀಲೇಟ್ ರೂಪದ (ಬೇರಿಗೆ ಸುಲಭವಾಗಿ ದಕ್ಕುವಂಥ) ಕಬ್ಬಿಣ. (ನಿತ್ಯಹರಿದ್ವರ್ಣದ ಗಿಡಗಳೂ ಒಳಗಿನ ಹಳೆ ಎಲೆಗಳನ್ನು ಆಗಾಗ ಹಳದಿ ಮಾಡಿ ಉದುರಿಸುತ್ತವೆ, ಅದಕ್ಕೆ ಗಾಬರಿ ಬೇಡ.)

ದಿನಾ ಅದರ ಪಕ್ಕದಲ್ಲೇ ಓಡಾಡಿದ್ದೀನಿ. ಒಂದು ಎಲೆಯನ್ನು ಹೀಗೆ ಬೆಳಕಿಗೆ ಹಿಡಿದು ನೋಡಿದ್ದು ಇವತ್ತೇ ಮೊದಲು. ಆ ಎಲೆ ಈಗ ಮೇಜಿನ ಮೇಲಿದೆ, ಬಾಡೋಕೆ ಶುರುವಾಗಿದೆ.