ಹಳೇ ಸ್ಪೀಡ್‌ಬೋಟ್ ಅಗ್ಗಕ್ಕೆ ಸಿಗ್ತಿದೆ, ತಗೊಳ್ಳಬಹುದಾ?

ಅಮೆರಿಕದಲ್ಲಿರುವ ಕನ್ನಡದವರು, ಅದರಲ್ಲೂ ಫ್ಲಾರಿಡಾ, ಜಾರ್ಜಿಯಾ, ಟೆಕ್ಸಸ್ ಕಡೆ ನೀರಿನ ಹತ್ತಿರ ಮನೆ ಮಾಡಿರುವವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. "ಮೂವತ್ತು ಅಡಿ ಬೋಟು, 2005ರ ಮಾಡೆಲ್, ಎರಡು ಎಂಜಿನ್, ಗಂಟೆಗೆ 70 ಮೈಲಿ ಓಡುತ್ತಂತೆ. ಒಂದು ಹೊಸ ಕಾರಿನ ದುಡ್ಡಿಗೆ ಕೊಡ್ತೀನಿ ಅಂತಿದ್ದಾರೆ. ಮೀಟರಲ್ಲಿ ಬರೀ 350 ಗಂಟೆ. ತಗೊಳ್ಳಬಹುದಾ?"

ತಗೊಳ್ಳಬಹುದು. ಆದರೆ ಬೋಟಿನ ಬೆಲೆ ಕೊಟ್ಟ ಮೇಲೂ ಒಂದು ಎಂಜಿನ್ ಬಿಚ್ಚಿ ಕಟ್ಟಿಸುವಷ್ಟು ದುಡ್ಡು ಕೈಯಲ್ಲಿ ಉಳಿಯುವವರು ಮಾತ್ರ. ದೊಡ್ಡ ವಿ8 (ಎಂಟು ಸಿಲಿಂಡರಿನ) ಎಂಜಿನ್ ಒಂದನ್ನು ಪೂರ್ತಿ ರೀಬಿಲ್ಡ್ ಮಾಡಿಸುವ ಖರ್ಚು ಸುಲಭವಾಗಿ ಹತ್ತು ಸಾವಿರ ಡಾಲರ್ ದಾಟುತ್ತದೆ. ಇಂಥ ಬೋಟಿಗೆ ಕೊಡುವ ಬೆಲೆ ಅದರ ಉದ್ದಕ್ಕೂ ಅಲ್ಲ, ಬಣ್ಣಕ್ಕೂ ಅಲ್ಲ. ಎಂಜಿನ್‌ನಲ್ಲಿ ಮತ್ತು ಅದರ ಶಕ್ತಿಯನ್ನು ಪ್ರೊಪೆಲ್ಲರ್‌ಗೆ ಮುಟ್ಟಿಸುವ ಡ್ರೈವ್‌ನಲ್ಲಿ ಇನ್ನೂ ಎಷ್ಟು ಗಂಟೆ ಜೀವ ಉಳಿದಿದೆ ಅನ್ನುವುದಕ್ಕೆ. ಅದನ್ನು ಅಳೆಯದೆ ದುಡ್ಡು ಕೊಟ್ಟರೆ ನೀರಲ್ಲಿರುವ ಎಮ್ಮೆಗೆ ದಡದ ಮೇಲೆ ವ್ಯಾಪಾರ ಮಾಡಿದ ಹಾಗೆ.

ಮೊದಲು ಆ 350 ಗಂಟೆಯ ವಿಚಾರ. ಕಾರಿನ ಲೆಕ್ಕದಲ್ಲಿ ಅದು ಏನೂ ಅಲ್ಲ ಅನ್ನಿಸುತ್ತದೆ. ಕಾರು ಹೆದ್ದಾರಿ ಹತ್ತಿ ಒಂದೇ ವೇಗದಲ್ಲಿ ಹೋಗುವಾಗ ಎಂಜಿನ್ ತನ್ನ ಶಕ್ತಿಯ ಒಂದು ಸಣ್ಣ ಪಾಲನ್ನಷ್ಟೇ ಬಳಸುತ್ತದೆ. ಇಳಿಜಾರಿನಲ್ಲಿ ಅದಕ್ಕೆ ವಿಶ್ರಾಂತಿಯೂ ಸಿಗುತ್ತದೆ. ನೀರಿನ ಮೇಲೆ ಇಳಿಜಾರೇ ಇಲ್ಲ. ಬೋಟಿನ ಎಂಜಿನ್ ಯಾವಾಗಲೂ ಲೋಡು ಹೊತ್ತು ಘಾಟಿ ಹತ್ತುವ ಲಾರಿಯ ಸ್ಥಿತಿಯಲ್ಲಿರುತ್ತದೆ. ಸಾಮಾನ್ಯ ಪೆಟ್ರೋಲ್ ಬೋಟ್ ಎಂಜಿನ್ನು ಚೆನ್ನಾಗಿ ನೋಡಿಕೊಂಡರೆ ಸಾವಿರ, ಸಾವಿರದೈನೂರು ಗಂಟೆ ಬಾಳುತ್ತದೆ ಅನ್ನುವುದು ವಾಡಿಕೆಯ ಲೆಕ್ಕ. ಹೈ-ಪರ್ಫಾರ್ಮೆನ್ಸ್ ಎಂಜಿನ್‌ಗೆ ಆ ಲೆಕ್ಕ ಹಾಕಬೇಡಿ. ಮರ್‌ಕ್ರೂಸರ್‌ನ 8.1 ಲೀಟರಿನ 496 ಮ್ಯಾಗ್ ಎಚ್‌ಓ 425 ಅಶ್ವಶಕ್ತಿಯದು, ಸ್ವಲ್ಪ ಸಮಾಧಾನದ ಎಂಜಿನ್ನು. ಅದೇ ಕಂಪನಿಯ 8.2 ಲೀಟರಿನ ಎಚ್‌ಪಿ525 ಇಎಫ್‌ಐ ಹೆಚ್ಚುಕಡಿಮೆ ಅದೇ ಗಾತ್ರದಲ್ಲಿ ನೂರು ಅಶ್ವಶಕ್ತಿ ಹೆಚ್ಚು ಕೊಡುತ್ತದೆ. ಆ ನೂರು ಬಿಟ್ಟಿಯಾಗಿ ಬರುವುದಿಲ್ಲ. ಕ್ಯಾಮ್ ವಾಲ್ವನ್ನು ಹೆಚ್ಚು ಎತ್ತುತ್ತದೆ, ವಾಲ್ವ್ ಸ್ಪ್ರಿಂಗ್ ಬೇಗ ಸೋಲುತ್ತದೆ. ಸೋತ ಸ್ಪ್ರಿಂಗ್ ಮುರಿದರೆ ವಾಲ್ವ್ ಪಿಸ್ಟನ್‌ಗೆ ಬಡಿದು ಎಂಜಿನ್ ಅಲ್ಲಿಗೇ ಮುಗಿಯಿತು. ಹಾಗಾಗಿ 350 ಗಂಟೆ ಅಂದರೆ ಕೇಳಬೇಕಾದ್ದು "ಇಷ್ಟೇ ತಾನೇ?" ಅಂತಲ್ಲ, "ಸ್ಪ್ರಿಂಗ್ ಬದಲಾಯಿಸಿದ ರಸೀದಿ ಎಲ್ಲಿ?" ಅಂತ. ಸೂಪರ್‌ಚಾರ್ಜರ್ ಕೂರಿಸಿದ ಎಂಜಿನ್ ಆದರೆ ಕಟ್ಟಿದವರ ಬಿಲ್ಲು, ಎಂಜಿನ್ನಿನ ಶಕ್ತಿ ಅಳೆದ ಡೈನೋ ಹಾಳೆ, ಯಾವ ಪಿಸ್ಟನ್, ಯಾವ ಪೆಟ್ರೋಲ್ ಎಲ್ಲ ಕಾಗದದಲ್ಲಿರಬೇಕು. ಕಾಗದ ಇಲ್ಲದಿದ್ದರೆ ಆ ಎಂಜಿನ್ನನ್ನು ಬಿಚ್ಚಬೇಕಾದ ಎಂಜಿನ್ ಅಂತಲೇ ಲೆಕ್ಕ ಹಿಡಿದು ಬೆಲೆ ಮಾತಾಡಿ.

ಡ್ಯಾಶ್‌ಬೋರ್ಡಿನ ಗಂಟೆ ಮೀಟರನ್ನು ನಂಬುವ ಹಾಗಿಲ್ಲ, ಅದನ್ನು ಬದಲಾಯಿಸುವುದು ಹತ್ತು ನಿಮಿಷದ ಕೆಲಸ. ಫ್ಯುಯೆಲ್ ಇಂಜೆಕ್ಷನ್ ಇರುವ ಎಂಜಿನ್‌ನಲ್ಲಿ ಕಂಪ್ಯೂಟರ್ ತನ್ನದೇ ಲೆಕ್ಕ ಇಟ್ಟಿರುತ್ತದೆ. ಮೆಕ್ಯಾನಿಕ್ ಡಯಾಕಾಮ್ ಥರದ ಸಾಫ್ಟ್‌ವೇರ್ ಹಾಕಿ ನೋಡಿದರೆ ಒಟ್ಟು ಗಂಟೆ, ಹಳೇ ಫಾಲ್ಟ್ ಕೋಡ್‌ಗಳು, ಹಲವು ಎಂಜಿನ್‌ಗಳಲ್ಲಿ ಎಷ್ಟು ಆರ್‌ಪಿಎಂನಲ್ಲಿ ಎಷ್ಟು ಹೊತ್ತು ಓಡಿದೆ ಅನ್ನುವುದೂ ಸಿಗುತ್ತದೆ. ಅತಿ ಬಿಸಿಯಾದ ದಾಖಲೆ ಒಂದಿದ್ದರೂ ಕಾರಣ ಕೇಳಿ. ಎರಡು ಎಂಜಿನ್‌ಗಳ ಗಂಟೆ ಬೇರೆ ಬೇರೆ ಇದ್ದರೆ ಒಂದು ಯಾವಾಗಲೋ ಕೆಟ್ಟು ಬದಲಾಗಿರಬಹುದು. ಅದೇ ತಪ್ಪಲ್ಲ, ಮುಚ್ಚಿಟ್ಟರೆ ತಪ್ಪು.

ಆಮೇಲೆ ಕಂಪ್ರೆಷನ್ ಟೆಸ್ಟ್, ಅಂದರೆ ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಕಟ್ಟುತ್ತದೆ ಅಂತ ಅಳೆಯುವುದು. ಎಂಜಿನ್ ಬೆಚ್ಚಗಿರಬೇಕು, ಎಲ್ಲ ಸ್ಪಾರ್ಕ್ ಪ್ಲಗ್ ಕಳಚಿರಬೇಕು, ಇಗ್ನಿಷನ್ ಮತ್ತು ಪೆಟ್ರೋಲ್ ಬಂದ್ ಮಾಡಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು. ಎಂಟು ಸಿಲಿಂಡರ್‌ಗಳ ಅಂಕಿಗಳಲ್ಲಿ ಅತಿ ಹೆಚ್ಚಿನದಕ್ಕೂ ಅತಿ ಕಡಿಮೆಗೂ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಏಳು ಸಿಲಿಂಡರ್ 150 ಪಿಎಸ್‌ಐ ಆಸುಪಾಸು, ಒಂದು ಮಾತ್ರ 120 ಅಂದರೆ ಅಲ್ಲಿ ರೋಗ ಇದೆ. ಅಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಲೀಕ್‌ಡೌನ್ ಟೆಸ್ಟ್ ಇದಕ್ಕಿಂತ ಚೆನ್ನಾಗಿ ಹೇಳುತ್ತದೆ: ಸಿಲಿಂಡರ್‌ಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಅಂತ ಅಳೆಯುವುದು. ಶೇ. 10ರ ಒಳಗಿದ್ದರೆ ಚೆನ್ನ, 20 ದಾಟಿದರೆ ತೊಂದರೆ. ಕಿವಿಯನ್ನೂ ಬಳಸಿ. ಎಕ್ಸಾಸ್ಟ್ ಕಡೆಯಿಂದ ಬುಸ್ ಅಂದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಮುಚ್ಚಳದಿಂದ ಬಂದರೆ ಪಿಸ್ಟನ್ ರಿಂಗ್.

ಬೋಟಿನಲ್ಲಿ ಎಕ್ಸಾಸ್ಟ್ ವಾಲ್ವ್ ಯಾಕೆ ಬೇಗ ಕೆಡುತ್ತದೆ ಅನ್ನುವುದನ್ನು ತಿಳಿದಿರಬೇಕು, ಕಾರು ಮೆಕ್ಯಾನಿಕ್‌ಗಳು ಎಡವುವುದು ಇಲ್ಲೇ. ಎಂಜಿನ್ ಹೊಗೆಯನ್ನು ತಣ್ಣಗಾಗಿಸಲು ಅದರ ಜೊತೆ ನೀರು ಬೆರೆಸಿ ಹೊರಗೆ ಬಿಡುತ್ತಾರೆ. ದೊಡ್ಡ ಕ್ಯಾಮ್ ಇರುವ ಎಂಜಿನ್ ನಿಧಾನಕ್ಕೆ ಗುಡುಗುಡು ಅನ್ನುತ್ತ ನಿಂತಿರುವಾಗ, ಇನ್‌ಟೇಕ್ ಮತ್ತು ಎಕ್ಸಾಸ್ಟ್ ವಾಲ್ವ್ ಎರಡೂ ಒಂದು ಕ್ಷಣ ಒಟ್ಟಿಗೆ ತೆರೆದಿರುತ್ತವೆ. ಆಗ ಹೊಗೆ ಹಿಂದಕ್ಕೆ ಎಳೆದುಕೊಂಡು ನೀರಿನ ಹನಿಯನ್ನೂ ಸಿಲಿಂಡರ್ ಬಾಯಿಗೆ ತರುತ್ತದೆ. ಉಪ್ಪು ನೀರಾದರೆ ವಾಲ್ವ್ ಸೀಟು ತುಕ್ಕು ಹಿಡಿಯುತ್ತದೆ. ಪ್ಲಗ್ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರೆ ವಾಲ್ವ್ ಸುತ್ತ ಕೆಂಪು ಕಲೆ ಕಾಣುತ್ತದೆ. ಹೊಗೆಯನ್ನು ಹೊರಗೆ ಒಯ್ಯುವ ಮ್ಯಾನಿಫೋಲ್ಡ್, ರೈಸರ್ ಎರಕಹೊಯ್ದ ಕಬ್ಬಿಣದವಾದರೆ ಕಡಲಲ್ಲಿ ಓಡಿದ ಬೋಟಿಗೆ ಐದಾರು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು. ಅವು ತೂತಾಗುವುದು ಒಳಗಡೆ, ಹೊರಗಿನ ಪೇಂಟು ಫಳಫಳ ಅನ್ನುತ್ತಲೇ ಇರುತ್ತದೆ.

ಉತ್ತರದ ಕೆರೆಗಳಿಂದ ಬಂದ ಬೋಟಿಗೆ ಉಪ್ಪಿನ ಕಾಟ ಇಲ್ಲ, ಹಿಮದ ಕಾಟ ಇದೆ. ಚಳಿಗಾಲಕ್ಕೆ ಮುಂಚೆ ನೀರು ಬಸಿಯದೆ ಬಿಟ್ಟರೆ ಬ್ಲಾಕ್ ಒಳಗೆ ಹೆಪ್ಪುಗಟ್ಟಿ ಬಿರುಕು ಬಿಡುತ್ತದೆ. ಮ್ಯಾನಿಫೋಲ್ಡ್ ಕೆಳಗೆ ಟಾರ್ಚ್ ಹಿಡಿದು ಬ್ಲಾಕಿನ ಮಗ್ಗುಲು ನೋಡಿ. ಅಲ್ಲಿ ಮಾತ್ರ ಹೊಸ ಪೇಂಟು, ಅಥವಾ ಎಪಾಕ್ಸಿ ಹಚ್ಚಿದ ಗೀರು ಕಂಡರೆ ಆ ಬೋಟನ್ನು ಬಿಟ್ಟುಬಿಡಿ.

ಎಂಜಿನ್‌ಗಿಂತ ಬೇಗ ಜೇಬು ಖಾಲಿ ಮಾಡುವುದು ಡ್ರೈವ್. ಈ ಬೋಟುಗಳಲ್ಲಿ ಎಂಜಿನ್ ಒಳಗಿರುತ್ತದೆ, ಬೋಟಿನ ಹಿಂಗೋಡೆಯಾದ ಟ್ರಾನ್ಸಮ್‌ನ ಹೊರಗೆ ಸ್ಟರ್ನ್‌ಡ್ರೈವ್ ತೂಗುತ್ತದೆ. ಹೆಚ್ಚಾಗಿ ಸಿಗುವುದು ಮರ್‌ಕ್ರೂಸರ್ ಬ್ರಾವೊ. ಬೋಟು ಅಲೆಯ ಮೇಲಿಂದ ಹಾರಿದಾಗ ಪ್ರೊಪೆಲ್ಲರ್ ಗಾಳಿಯಲ್ಲಿ ಹುಚ್ಚೆದ್ದು ತಿರುಗುತ್ತದೆ, ಮತ್ತೆ ನೀರಿಗೆ ಬಿದ್ದ ಕೂಡಲೇ ಗಕ್ಕನೆ ಹಿಡಿಯುತ್ತದೆ. ಆ ಏಟು ಪೂರ್ತಿ ಗೇರಿನ ಹಲ್ಲಿಗೆ, ಶಾಫ್ಟ್‌ಗೆ. ಹಾರುವಾಗ ಥ್ರಾಟಲ್ ಇಳಿಸಲು ಬಾರದವರ ಕೈಯಲ್ಲಿದ್ದ ಬೋಟಿನ ಡ್ರೈವ್ ಒಳಗೊಳಗೇ ಬಿರುಕು ಬಿಟ್ಟಿರಬಹುದು. ಗೇರ್ ಆಯಿಲ್ ಬಸಿದು ನೋಡಿ. ಹಾಲು ಬೆರೆತ ಹಾಗಿದ್ದರೆ ನೀರು ಸೇರಿದೆ. ಡ್ರೈನ್ ಪ್ಲಗ್‌ನ ಅಯಸ್ಕಾಂತಕ್ಕೆ ಮಸಿಯಂಥ ನುಣುಪು ಪುಡಿ ಅಂಟಿದ್ದರೆ ಪರವಾಗಿಲ್ಲ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಗೇರ್ ಹೋಗಿದೆ.

ಆಮೇಲೆ ಡ್ರೈವನ್ನು ಕಳಚಿಸಿ. ಮಾರುವವರು ಬೇಡ ಅನ್ನುತ್ತಾರೆ, ನೀವೇ ಕೂಲಿ ಕೊಡುತ್ತೇನೆ ಅನ್ನಿ. ಒಳಗೆ ಅಕಾರ್ಡಿಯನ್ ಥರ ಮಡಿಕೆ ಮಡಿಕೆಯಾದ ರಬ್ಬರ್ ಬೆಲ್ಲೋಸ್ ಇರುತ್ತದೆ. ಅದನ್ನು ಬೆರಳಿಂದ ಅಗಲಿಸಿ ಮಡಿಕೆಯ ಒಳಮೂಲೆ ನೋಡಬೇಕು, ಬಿರುಕು ಶುರುವಾಗುವುದು ಅಲ್ಲಿ. ಅದು ಸೀಳಿದರೆ ನೀರು ಶಾಫ್ಟಿನ ಕೀಲಾದ ಯೂ-ಜಾಯಿಂಟ್‌ಗೆ, ಶಾಫ್ಟನ್ನು ಹೊತ್ತಿರುವ ಗಿಂಬಲ್ ಬೇರಿಂಗ್‌ಗೆ ಹೋಗಿ, ಅಲ್ಲಿಂದ ಬೋಟಿನ ಒಳಗೇ ಬರುತ್ತದೆ. ಕಟ್ಟಿ ಹಾಕಿದ ಜಾಗದಲ್ಲೇ ಬೋಟು ಮುಳುಗುವುದಕ್ಕೆ ಇದು ಮಾಮೂಲಿ ಕಾರಣ. ಬೇರಿಂಗನ್ನು ಕೈಯಲ್ಲಿ ತಿರುಗಿಸಿದಾಗ ಮರಳು ಸಿಕ್ಕಿಕೊಂಡ ಹಾಗೆ ಕರಕರ ಅನ್ನಬಾರದು. ಕೊನೆಗೆ ಅಲೈನ್‌ಮೆಂಟ್ ಬಾರ್ ಅನ್ನುವ ಉದ್ದನೆ ಕಬ್ಬಿಣದ ಸರಳನ್ನು ಬೇರಿಂಗ್ ಮೂಲಕ ಎಂಜಿನ್ನಿನ ಕಪ್ಲರ್‌ಗೆ ತೂರಿಸುತ್ತಾರೆ. ಎರಡು ಬೆರಳಲ್ಲಿ ಹಿಡಿದು ತಳ್ಳಿದರೆ ಸಲೀಸಾಗಿ ಒಳಗೆ ಹೋಗಿ ಬರಬೇಕು. ಸುತ್ತಿಗೆ ಬೇಕಾಯಿತು ಅಂದರೆ ಎಂಜಿನ್ ತನ್ನ ಜಾಗದಿಂದ ಕುಸಿದಿದೆ. ಯಾಕೆ ಕುಸಿಯಿತು? ಎಂಜಿನ್ ಮೌಂಟಿನ ಬೋಲ್ಟು ಹಿಡಿದಿರುವ ಸ್ಟ್ರಿಂಗರ್, ಅಂದರೆ ಬೋಟಿನ ಉದ್ದಕ್ಕೂ ಹೋಗುವ ತೊಲೆ, ಒಳಗೆ ಕೊಳೆತಿರಬಹುದು. ಆಗ ಅದು ಡ್ರೈವಿನ ತೊಂದರೆ ಅಲ್ಲ, ಹಲ್‌ನ, ಅಂದರೆ ಬೋಟಿನ ಒಡಲಿನ ತೊಂದರೆ.

ಹಲ್ ನೋಡಲಿಕ್ಕೆ ಬೋಟನ್ನು ನೀರಿನಿಂದ ಎತ್ತಿಸಿ, ಮಾನ್ಯತೆ ಇರುವ ಮೆರೀನ್ ಸರ್ವೇಯರ್‌ರನ್ನು ಕರೆಸಿ. ಎಸ್‌ಎಎಂಎಸ್ ಅಥವಾ ನ್ಯಾಮ್ಸ್ ಅನ್ನುವ ಸರ್ವೇಯರ್ ಸಂಘಗಳ ಸದಸ್ಯರಾಗಿರಲಿ. ಅವರಲ್ಲಿ ಹೆಚ್ಚಿನವರು ಎಂಜಿನ್ ಪರೀಕ್ಷೆ ಮಾಡುವುದಿಲ್ಲ, ಅದಕ್ಕೆ ಬೇರೆ ಮೆಕ್ಯಾನಿಕ್ ಬೇಕು. ಫೈಬರ್‌ಗ್ಲಾಸ್ ಪದರಗಳ ನಡುವೆ ಬಾಲ್ಸಾ ಮರ, ಪ್ಲೈವುಡ್ ಅಥವಾ ಫೋಮ್ ತುಂಬಿರುತ್ತದೆ. ಬೋಟಿನ ಮೂತಿ ಏರಿಳಿಸುವ ಟ್ರಿಮ್ ಟ್ಯಾಬ್ ತಗಡಿಗೋ ಇನ್ನಾವುದಕ್ಕೋ ಕೊರೆದ ಒಂದು ತೂತಿಗೆ ಸರಿಯಾಗಿ ಸೀಲಂಟ್ ಹಾಕದಿದ್ದರೆ ಸಾಕು, ನೀರು ಇಳಿದು ಮರ ಕೊಳೆಯುತ್ತದೆ, ಪದರ ಬಿಡುತ್ತದೆ. ಹಲಸಿನ ಹಣ್ಣು ಬಡಿದು ನೋಡುವ ಹಾಗೆ ಸಣ್ಣ ಸುತ್ತಿಗೆಯಲ್ಲಿ ಇಂಚಿಂಚೂ ಬಡಿಯುತ್ತಾರೆ. ಗಟ್ಟಿ ಜಾಗ ಟಣ್ ಅನ್ನುತ್ತದೆ, ಸತ್ತ ಜಾಗ ಡಬ್ ಅನ್ನುತ್ತದೆ. ಟ್ರಾನ್ಸಮ್‌ನಿಂದ ಮುಂದಕ್ಕೆ ಐದಾರು ಅಡಿ ನೇರ ಪಟ್ಟಿ ಇಟ್ಟು ತಳ ಒಳಗೆ ಬಗ್ಗಿದೆಯಾ ನೋಡಿಸಿ. ಟ್ರೇಲರ್‌ನ ಹಲಗೆ ಟ್ರಾನ್ಸಮ್‌ವರೆಗೆ ಮುಟ್ಟದಿದ್ದರೆ ಎಂಜಿನ್ ಭಾರಕ್ಕೆ ತಳ ಹೀಗೆ ಬಗ್ಗುತ್ತದೆ. ಬಗ್ಗಿದ ತಳ ವೇಗದಲ್ಲಿ ಮೂತಿಯನ್ನು ನೀರಿಗೆ ಒತ್ತುತ್ತದೆ, 70 ಮೈಲಿಯಲ್ಲಿ ಅದು ಜೀವದ ಪ್ರಶ್ನೆ.

ಸ್ಟೀರಿಂಗ್‌ನಲ್ಲಿ ಆಟ ಇರುವುದೂ ಅಷ್ಟೇ ಅಪಾಯ. ಈ ಜಾತಿಯ ಬೋಟುಗಳ ತಳ ಸುಮಾರು 24 ಡಿಗ್ರಿಯ ಚೂಪು ವಿ. ಅಲೆ ಸೀಳಲು ಅದು ಬೇಕು, ಆದರೆ ಪೂರ್ತಿ ವೇಗದಲ್ಲಿ ಆ ಚೂಪಿನ ಮೇಲೇ ಬೋಟು ನಿಂತಿರುತ್ತದೆ. ಡ್ರೈವ್ ಸ್ವಲ್ಪ ಅಲ್ಲಾಡಿದರೂ ಬೋಟು ಎಡಕ್ಕೂ ಬಲಕ್ಕೂ ಹೊಯ್ದಾಡತೊಡಗುತ್ತದೆ. ಡ್ರೈವನ್ನು ಎರಡೂ ಕೈಯಲ್ಲಿ ಹಿಡಿದು ಅಡ್ಡಡ್ಡ ಅಲ್ಲಾಡಿಸಿ ನೋಡಿ. ತಳದಲ್ಲಿ ಮೆಟ್ಟಿಲು ಇರುವ ಸ್ಟೆಪ್ಡ್ ಹಲ್ ಆದರೆ ತಿರುವಿನ ಮಧ್ಯೆ ಥ್ರಾಟಲ್ ತಟಕ್ಕನೆ ಬಿಟ್ಟಾಗ ಹಿಂಭಾಗ ಜಾರಿ ಬೋಟೇ ಸುತ್ತಿಬಿಡಬಹುದು. ಮೊದಲ ಬೋಟಾಗಿ ಇದನ್ನು ಕೊಳ್ಳಬೇಡಿ ಅಂತಲೇ ಹೇಳುತ್ತೇನೆ.

ಕಾಗದಪತ್ರದಲ್ಲಿ ಎರಡು ವಿಷಯ ಮುಖ್ಯ. ಟ್ರಾನ್ಸಮ್‌ನ ಬಲಗಡೆ ಮೇಲೆ 12 ಅಕ್ಷರಗಳ ಹಲ್ ನಂಬರ್ ಇರುತ್ತದೆ. ಕೊನೆಯ ನಾಲ್ಕು "ಎಚ್405" ಅಂತಿದ್ದರೆ 2004ರ ಆಗಸ್ಟ್‌ನಲ್ಲಿ ತಯಾರಾದ 2005ರ ಮಾಡೆಲ್. ಟೈಟಲ್, ಅಂದರೆ ಮಾಲೀಕತ್ವದ ಪತ್ರದ ಮೇಲಿನ ನಂಬರಿಗೂ ಇದಕ್ಕೂ ತಾಳೆಯಾಗಬೇಕು. ಕೋಸ್ಟ್ ಗಾರ್ಡ್‌ನಲ್ಲಿ ನೋಂದಾಯಿಸಿದ ಬೋಟಾದರೆ ಅಲ್ಲಿಂದ ಮಾಲೀಕರ ಮತ್ತು ಸಾಲದ ಇತಿಹಾಸ ಇರುವ ಅಬ್‌ಸ್ಟ್ರಾಕ್ಟ್ ಆಫ್ ಟೈಟಲ್ ತರಿಸಿ, ಯಾಕೆಂದರೆ ಹಳೇ ಸಾಲ ಬೋಟಿನ ಜೊತೆಗೇ ಬರುತ್ತದೆ. 2022ರ ಇಯಾನ್ ಚಂಡಮಾರುತದ ಹೊತ್ತಿಗೆ ಫ್ಲಾರಿಡಾದ ನೈರುತ್ಯ ಕರಾವಳಿಯಲ್ಲಿ ಇದ್ದ ಬೋಟಾದರೆ ಉಪ್ಪು ನೀರಲ್ಲಿ ಮುಳುಗಿರಬಹುದು, ವೈರಿಂಗ್ ಎಲ್ಲ ಬಿಚ್ಚಿ ನೋಡಿಸಿ. ವಿಮೆ ಇನ್ನೊಂದು. ಹೆಚ್ಚು ವೇಗದ, ಹಳೆಯ ಬೋಟಿಗೆ ಅನುಭವ ಇಲ್ಲದವರಿಗೆ ವಿಮೆ ಕೊಡಲು ಅನೇಕ ಕಂಪನಿಗಳು ಹಿಂಜರಿಯುತ್ತವೆ. ಮುಂಗಡ ಕೊಡುವ ಮೊದಲೇ ವಿಚಾರಿಸಿ.

ಪೆಟ್ರೋಲಿನ ಲೆಕ್ಕ ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು ಅರ್ಧ ಪೌಂಡ್, ಒಂದು ಗ್ಯಾಲನ್ ಪೆಟ್ರೋಲಿನ ತೂಕ 6 ಪೌಂಡ್ ಚಿಲ್ಲರೆ. 525 ಅಶ್ವಶಕ್ತಿಯ ಎರಡು ಎಂಜಿನ್ ಪೂರ್ತಿ ಓಡಿಸಿದರೆ ಗಂಟೆಗೆ 85 ಗ್ಯಾಲನ್ ದಾಟುತ್ತದೆ.

ಕೊನೆಯದು ನೀರಿನ ಮೇಲಿನ ಟ್ರಯಲ್. ನೀವು ಬರುವ ಹೊತ್ತಿಗೆ ಎಂಜಿನ್ ತಣ್ಣಗಿರಬೇಕು, ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬನ್ನಿ. ಹ್ಯಾಚ್ ತೆರೆದು ಆಲ್ಟರ್ನೇಟರ್, ಸ್ಟಾರ್ಟರ್ ಮೆರೀನ್ ಮಾಲೋ ಕಾರಿನ ಮಾಲೋ ನೋಡಿ. ಕಾರಿನ ಬಿಡಿಭಾಗ ಅಗ್ಗ, ಆದರೆ ಅದರ ಕಿಡಿ ಹೊರಗೆ ಬರದಂತೆ ತಡೆ ಇರುವುದಿಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳದ ಬಿಲ್ಜ್‌ನಲ್ಲಿ ಕೂತಿರುತ್ತದೆ. ಅದನ್ನು ಹೊರಗೆ ದೂಡುವ ಬ್ಲೋವರ್ ಫ್ಯಾನನ್ನು ನಾಲ್ಕು ನಿಮಿಷ ಓಡಿಸಿಯೇ ಸ್ಟಾರ್ಟ್ ಮಾಡಿ. ದಡ ಬಿಡುವ ಮುಂಚೆ ಕಿಲ್ ಸ್ವಿಚ್‌ನ ಹುರಿ ಎಳೆದು ಎಂಜಿನ್ ನಿಲ್ಲುತ್ತದಾ ನೋಡಿ.

ಪೂರ್ತಿ ವೇಗದಲ್ಲಿ ಜಿಪಿಎಸ್ ನೋಡಿ ಲೆಕ್ಕ ಹಾಕಿ. ಆರ್‌ಪಿಎಂ ಅನ್ನು ಡ್ರೈವಿನ ಗೇರ್ ಅನುಪಾತದಿಂದ ಭಾಗಿಸಿ, ಪ್ರೊಪೆಲ್ಲರ್‌ನ ಪಿಚ್ (ಒಂದು ಸುತ್ತಿಗೆ ಅದು ಮುಂದೆ ಹೋಗಬೇಕಾದ ದೂರ) ಇಂಚುಗಳಿಂದ ಗುಣಿಸಿ, 1056ರಿಂದ ಭಾಗಿಸಿ. 4800 ಆರ್‌ಪಿಎಂ, 1.5 ಅನುಪಾತ, 26 ಇಂಚು ಪಿಚ್ ಅಂದರೆ 78.8 ಮೈಲಿ ಬರುತ್ತದೆ. ಪ್ರೊಪೆಲ್ಲರ್ ನೀರಿನಲ್ಲಿ ಶೇ. 10ರಿಂದ 15 ಜಾರುವುದು ಸಹಜ, ಹಾಗಾಗಿ 67ರಿಂದ 71 ಮೈಲಿ ಓಡಬೇಕು. 60ರಲ್ಲೇ ನಿಂತರೆ ಪ್ರೊಪೆಲ್ಲರ್ ಕೆಟ್ಟಿದೆ ಇಲ್ಲವೇ ತಳದಲ್ಲಿ ದೋಷ ಇದೆ. ಆರ್‌ಪಿಎಂ ಕಂಪನಿ ಹೇಳಿದಷ್ಟು ಏರದೇ ಹೋದರೆ ಎಂಜಿನ್ ಸೋತಿದೆ, ಅಥವಾ ಹೆಚ್ಚು ಪಿಚ್ಚಿನ ಪ್ರೊಪೆಲ್ಲರ್ ಹಾಕಿದ್ದಾರೆ.

ಹೊರಡುವ ಮುಂಚೆ ಎಂಜಿನ್ ಕೆಳಗೆ, ಟ್ರಾನ್ಸಮ್ ಬುಡದಲ್ಲಿ, ಪೆಟ್ರೋಲ್ ಟ್ಯಾಂಕಿನ ಜಾಯಿಂಟ್ ಹತ್ತಿರ ಬಿಲ್ಜ್ ಒರೆಸಿ ಒಣಗಿದ ಟಿಶ್ಯೂ ಕಾಗದ ಹಾಸಿರಿ. ವಾಪಸ್ ಬಂದ ಮೇಲೆ ಒಂದೊಂದನ್ನೇ ಎತ್ತಿ ನೋಡಿ, ಮೂಸಿ. ನೀರಿನ ಕಲೆಗೆ ಬೆಲ್ಲೋಸ್ ಅಥವಾ ಟ್ರಾನ್ಸಮ್ ಸೀಲು, ಎಣ್ಣೆಯ ಕಲೆಗೆ ಗ್ಯಾಸ್ಕೆಟ್, ಎರಡಕ್ಕೂ ಬೆಲೆಯಲ್ಲಿ ಚೌಕಾಸಿ ಮಾಡಬಹುದು. ಪೆಟ್ರೋಲ್ ವಾಸನೆ ಬಂದರೆ ಎಲ್ಲರನ್ನೂ ಕೆಳಗಿಳಿಸಿ, ಅದು ರಿಪೇರಿ ಆಗುವವರೆಗೆ ಆ ಬೋಟನ್ನು ಯಾರಿಗೂ ಮತ್ತೆ ಸ್ಟಾರ್ಟ್ ಮಾಡಲು ಬಿಡಬೇಡಿ.