ಶ್ವಿದ್ನಿತ್ಸಾಗೆ ಹೋಗುವವರಿಗೆ: ಮಣ್ಣು, ಹುಲ್ಲಿನ ಚರ್ಚ್ ಮತ್ತು ಜರ್ಮನ್ ಸಮಾಧಿಗಳು

ಪೋಲೆಂಡಿನ ವ್ರೊತ್ಸ್ವಾಫ್‌ಗೆ ಹೋದವರು ಒಂದು ದಿನ ಉಳಿಸಿಕೊಂಡು ಶ್ವಿದ್ನಿತ್ಸಾ ನೋಡಿಬನ್ನಿ. ಸುಮಾರು 50 ಕಿಲೋಮೀಟರ್ ದೂರ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಮುಚ್ಚಿದ್ದ ರೈಲು ದಾರಿ 2022ರಲ್ಲಿ ಮತ್ತೆ ಶುರುವಾಗಿದೆ, ಸೊಬುಟ್ಕಾ ಊರಿನ ಮೂಲಕ ಹೋಗುವ ಆ ರೈಲನ್ನೇ ಹಿಡಿಯಿರಿ. ಇಳಿಯಬೇಕಾದದ್ದು ಶ್ವಿದ್ನಿತ್ಸಾ ಮಿಯಾಸ್ತೊ ಸ್ಟೇಷನ್ನಿನಲ್ಲಿ. ಅಲ್ಲಿಂದ ಎಲ್ಲ ಕಡೆಗೂ ನಡೆದೇ ಹೋಗಬಹುದು. ವಾಪಸ್ ರೈಲಿನ ಸಮಯ ಮಾತ್ರ ಇಳಿದ ತಕ್ಷಣ ನೋಡಿಟ್ಟುಕೊಳ್ಳಿ.

1945ರವರೆಗೆ ಈ ಊರು ಜರ್ಮನಿಯ ಶ್ವೈಡ್ನಿಟ್ಸ್. ಯುದ್ಧ ಮುಗಿದ ಮೇಲೆ ಗಡಿ ಬದಲಾಯ್ತು. ಇಲ್ಲಿದ್ದ ಜರ್ಮನ್ನರನ್ನು ಹೊರಗೆ ಕಳಿಸಿದರು, ಅವರ ಮನೆಗಳಿಗೆ ಪೋಲಿಷ್ ಜನ ಬಂದರು, ಅವರಲ್ಲೂ ಎಷ್ಟೋ ಮಂದಿ ಸೋವಿಯತ್ ಪಾಲಾದ ಪೂರ್ವದ ಕಡೆ ತಮ್ಮ ಊರು ಬಿಟ್ಟು ಬಂದವರೇ. ಇದನ್ನು ತಿಳಿದುಕೊಂಡು ಬೀದಿ ಸುತ್ತಿದರೆ ಊರು ಬೇರೆ ಥರಾನೇ ಕಾಣುತ್ತೆ.

ಮೊದಲು ಊರಿನೊಳಗಿನ ಕ್ಯಾಥೊಲಿಕ್ ಕೆಥೆಡ್ರಲ್ ನೋಡಿ. ಅದರ ಗೋಪುರ ನೂರು ಮೀಟರಿಗಿಂತ ಎತ್ತರ. ಆಮೇಲೆ ಶಾಂತಿಯ ಚರ್ಚಿಗೆ ಹೋಗಿ, ವ್ಯತ್ಯಾಸ ತಾನಾಗಿಯೇ ಗೊತ್ತಾಗುತ್ತೆ. ಯುರೋಪಿನಲ್ಲಿ ಕ್ಯಾಥೊಲಿಕರಿಗೂ ಪ್ರೊಟೆಸ್ಟೆಂಟರಿಗೂ ನಡೆದ ಮೂವತ್ತು ವರ್ಷಗಳ ಯುದ್ಧ 1648ರಲ್ಲಿ ಮುಗಿದಾಗ, ಕ್ಯಾಥೊಲಿಕ್ ಚಕ್ರವರ್ತಿ ಈ ಸಿಲೇಸಿಯಾ ಪ್ರಾಂತ್ಯದ ಪ್ರೊಟೆಸ್ಟೆಂಟರಿಗೆ ಮೂರೇ ಮೂರು ಚರ್ಚ್ ಕಟ್ಟಲು ಬಿಟ್ಟ, ಅದೂ ಎಂಥ ಷರತ್ತು ಹಾಕಿ! ಕೋಟೆಯ ಹೊರಗೇ ಇರಬೇಕು, ಕಲ್ಲು ಇಟ್ಟಿಗೆ ಮುಟ್ಟಬಾರದು, ಗೋಪುರ ಗಂಟೆ ಇರಬಾರದು, ಒಂದು ವರ್ಷದೊಳಗೆ ಮುಗಿಸಬೇಕು. ಜನ ಮರ, ಮಣ್ಣು, ಹುಲ್ಲು ಸೇರಿಸಿ 1657ರಲ್ಲಿ ಹತ್ತೇ ತಿಂಗಳಿಗೆ ಕಟ್ಟಿ ನಿಲ್ಲಿಸಿದರು. ಹೊರಗಿನಿಂದ ದೊಡ್ಡ ಕಣಜದ ಹಾಗಿದೆ, ಒಳಗೆ ಕಾಲಿಟ್ಟರೆ ಕೆಳಗಿಂದ ಚಾವಣಿವರೆಗೂ ಬಣ್ಣದ ಚಿತ್ರ, ಒಂದರ ಮೇಲೊಂದು ಮರದ ಉಪ್ಪರಿಗೆ. 7,500 ಜನ ಸೇರುವಷ್ಟು ಜಾಗ. ಸುಮ್ನೆ ಬೆಂಚಿನ ಮೇಲೆ ಅರ್ಧ ಗಂಟೆ ಕೂತುಬಿಡಿ. ಮೂರು ಚರ್ಚುಗಳಲ್ಲಿ ಗ್ವೊಗುಫ್ ಊರಿನದು 1758ರಲ್ಲಿ ಸುಟ್ಟುಹೋಯ್ತು. ಯಾವೊರ್ ಊರಿನದು ಮತ್ತು ಇದು ಉಳಿದಿವೆ, 2001ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ.

ಭಾನುವಾರ ಬೆಳಿಗ್ಗೆ ಹೋಗಬೇಡಿ, ಈಗಲೂ ಪ್ರಾರ್ಥನೆ ನಡೆಯುತ್ತೆ. ಒಳಗೆ ಚಳಿ, ಸ್ವೆಟರ್ ಇರಲಿ.

ಸಮಯ ಉಳಿದರೆ ಹತ್ತಿರದ ಕ್ಶಿಜೋವಾ ಹಳ್ಳಿಗೆ ಟ್ಯಾಕ್ಸಿ ಮಾಡಿ. ಬರ್ಲಿನ್ ಗೋಡೆ ತೆರೆದ ಮೂರೇ ದಿನಕ್ಕೆ, 1989ರ ನವೆಂಬರ್ 12ರಂದು, ಪೋಲಿಷ್ ಪ್ರಧಾನಿ ಮಜೊವ್ಯೆಟ್ಸ್ಕಿ ಮತ್ತು ಪಶ್ಚಿಮ ಜರ್ಮನಿಯ ಚಾನ್ಸೆಲರ್ ಕೋಲ್ ಒಬ್ಬರನ್ನೊಬ್ಬರು ತಬ್ಬಿಕೊಂಡಿದ್ದು ಅಲ್ಲೇ.

ಶಾಂತಿಯ ಚರ್ಚಿನ ಸುತ್ತಲಿನ ಹಳೇ ಸ್ಮಶಾನ ಮಾತ್ರ ಬಿಡಬೇಡಿ. ನಾನು ಹೋಗಿದ್ದು ನವೆಂಬರ್ ಮೊದಲ ವಾರ. ಬಳ್ಳಿ ಹಬ್ಬಿ ವಾಲಿದ ಒಂದು ಕಲ್ಲಿನ ಮೇಲೆ ಜರ್ಮನ್ ಅಕ್ಷರ ಅರ್ಧ ಅಳಿಸಿತ್ತು, ಕೆಳಗೆ ಯಾರೋ ಕೆಂಪು ಗಾಜಿನ ದೀಪ ಹಚ್ಚಿಟ್ಟಿದ್ದರು. ಆ ಮನೆತನದವರು ಇಲ್ಲಿ ಇಲ್ಲದೆ ಎಷ್ಟು ವರ್ಷವಾಯ್ತೋ, ದೀಪ ಮಾತ್ರ ಉರೀತಿತ್ತು. ನೀವೂ ಆ ಸಮಯಕ್ಕೇ ಹೋಗಿ. ಆದರೆ ನವೆಂಬರ್ 1 ಅಲ್ಲಿ ಸಮಾಧಿಗಳಿಗೆ ದೀಪ ಹಚ್ಚುವ ಹಬ್ಬ, ರಜೆ, ಅಂಗಡಿಗಳು ಮುಚ್ಚಿರುತ್ತವೆ, ತಿನ್ನೋಕೆ ಏನಾದರೂ ಕಟ್ಟಿಕೊಂಡು ಹೊರಡಿ.