ಮಾವನ ಆಲೆಮನೆಯಲ್ಲಿ ಒಂದು ಭಾನುವಾರ

2019ರ ಮೇ 23ರ ಸಂಜೆ ನಮ್ಮೂರಿನ ಅರಳಿಕಟ್ಟೆಯ ಮುಂದೆ ನಾನು ಆಡಿದ ಒಂದು ಮಾತಿನಿಂದಾಗಿ ನನ್ನ ಸೋದರಮಾವ ಹದಿನೇಳು ದಿನ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ಮಂಡ್ಯ ಲೋಕಸಭಾ ಕ್ಷೇತ್ರದ ಆ ಚುನಾವಣೆ ಹೇಗಿತ್ತೆಂದು ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಆಗ ಮುಖ್ಯಮಂತ್ರಿಯಾಗಿದ್ದ ಎಚ್.ಡಿ. ಕುಮಾರಸ್ವಾಮಿಯವರ ಮಗ ನಿಖಿಲ್ ಒಂದು ಕಡೆ, ಅಂಬರೀಶ್ ತೀರಿಕೊಂಡು ಐದು ತಿಂಗಳೂ ತುಂಬುವ ಮೊದಲೇ ಪಕ್ಷೇತರರಾಗಿ ಕಣಕ್ಕಿಳಿದ ಸುಮಲತಾ ಇನ್ನೊಂದು ಕಡೆ. ಒಂದೇ ಮನೆಯಲ್ಲಿ ಅಣ್ಣ ತೆನೆ ಹೊತ್ತ ಮಹಿಳೆಯ ಕಡೆಗಿದ್ದರೆ ತಮ್ಮ ಕಹಳೆ ಊದುವ ರೈತನ ಕಡೆಗಿದ್ದ. ನಾನು ಎರಡನೆಯ ಪಾಳಯದವನು, ಮಾವ ಮೊದಲನೆಯದರವರು.

ಫಲಿತಾಂಶ ಬಂದು, ಪಟಾಕಿಯ ಹೊಗೆ ಇನ್ನೂ ಕಟ್ಟೆಯ ಸುತ್ತ ಕವಿದಿರುವಾಗಲೇ ಮಾವ ಡೇರಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದು ಆ ದಾರಿಯಲ್ಲಿ ಬಂದರು. ಹುಡುಗರು ಆ ಚುನಾವಣೆಯಲ್ಲಿ ಎಲ್ಲರ ಬಾಯಲ್ಲೂ ಓಡಾಡಿದ್ದ 'ಎಲ್ಲಿದ್ದೀಯಪ್ಪಾ' ಎಂಬ ಅಣಕವನ್ನು ಕೂಗಿದರು. ಅವರನ್ನು ಗದರಿಸಬೇಕಾಗಿದ್ದವನು, ಕಾಲೇಜಿನಲ್ಲಿ ಪಾಠ ಹೇಳುವವನು, ನಾನು. ಆದರೆ ನಾನು ಹತ್ತು ಜನರ ಮುಂದೆ, "ಮಾವ, ದುಡ್ಡಿಗೆ ಬಿದ್ದ ವೋಟು ಗೆಲ್ಲೋದಿಲ್ಲ ಅಂತ ಈಗಲಾದ್ರೂ ಗೊತ್ತಾಯ್ತಾ?" ಎಂದೆ. ಅವರು ನಿಂತರು. ನನ್ನ ಮುಖವನ್ನು ಒಮ್ಮೆ ನೋಡಿ, ಹೆಗಲ ಮೇಲಿನ ಟವೆಲ್ಲನ್ನು ಸರಿಮಾಡಿಕೊಂಡು ಹೊರಟುಹೋದರು.

ನನ್ನ ಅವ್ವನಿಗೆ ಈ ಸುದ್ದಿ ಅದೇ ರಾತ್ರಿ ಮುಟ್ಟಿತು. ಅವಳು ಬೈಯಲಿಲ್ಲ. ಎರಡು ವಾರ ಕಳೆದರೂ ಅಣ್ಣ ಮನೆಯ ಕಡೆ ತಲೆಹಾಕದಿದ್ದಾಗ, "ಆಲೆಮನೆತಕೆ ಹೋಗು. ಹೋಗಿ ನೀನು ಏನೂ ಏಳಕ್ಕೆ ಹೋಗ್ಬೇಡ, ಸುಮ್ನೆ ಕೂತ್ಕಂಡು ನಮ್ಮಣ್ಣ ಏಳಿದ್ದ ಕೇಳುಸ್ಕಂಡು ಬಾ" ಎಂದಳು. ಕ್ಷಮೆ ಕೇಳುವುದಕ್ಕೆ ನಾನು ಸಿದ್ಧನಾಗಿದ್ದೆ. ಸುಮ್ಮನೆ ಕೇಳಿಸಿಕೊಳ್ಳುವುದಕ್ಕೆ ಸಿದ್ಧನಾಗಿರಲಿಲ್ಲ. ಕ್ಷಮೆ ಕೇಳಿದ ಮೇಲೂ ನನ್ನ ವಾದ ನನ್ನ ಬಳಿಯೇ ಉಳಿಯುತ್ತದೆಂಬ ಧೈರ್ಯ ಒಳಗೆ ಇತ್ತೆಂದು ಈಗ ಅನ್ನಿಸುತ್ತದೆ.

ಜೂನ್ 9ರ ಭಾನುವಾರ ಬೆಳಗ್ಗೆ ಹೋದಾಗ ಗಾಣ ಓಡುತ್ತಿತ್ತು. ಹಿಂಡಿದ ಕಬ್ಬಿನ ಒಣಸಿಪ್ಪೆಯನ್ನು ಒಬ್ಬಾಳು ಒಲೆಯ ಬಾಯಿಗೆ ನೂಕುತ್ತಿದ್ದ. ಮಾವ ಕೊಪ್ಪರಿಗೆಯ ಪಕ್ಕ ನಿಂತು, ಕುದಿಯುವ ಕಬ್ಬಿನ ಹಾಲಿನ ಮೇಲೆ ಕಟ್ಟುತ್ತಿದ್ದ ಮಡ್ಡಿಯನ್ನು ಜಾಲರಿಯಿಂದ ತೆಗೆದು ಪಕ್ಕದ ಡಬ್ಬಕ್ಕೆ ಬಡಿಯುತ್ತಿದ್ದರು. "ಬಾ ಅಳಿಯ" ಎಂದರೇ ಹೊರತು ಕೈ ನಿಲ್ಲಿಸಲಿಲ್ಲ. ಹಾಲು ಉಕ್ಕುವ ಹೊತ್ತಿನಲ್ಲಿ ಆಲೆಮನೆಯಲ್ಲಿ ಯಾರೂ ಮಾತಿಗೆ ಮಾತು ಕೊಡುತ್ತಾ ನಿಲ್ಲುವಂತಿಲ್ಲ; ಕಣ್ಣು ತಪ್ಪಿದರೆ ತಳ ಹತ್ತಿ ಬೆಲ್ಲ ಕಪ್ಪಾಗುತ್ತದೆ. ಹಾಗಾಗಿ ಅವರ ಮಾತು ತುಂಡುತುಂಡಾಗಿ ಬಂತು, ನಡುವೆ ಐದೈದು ನಿಮಿಷ ಬರೀ ಕುದಿಯುವ ಸದ್ದು. ಆ ಬಿಡುವುಗಳಲ್ಲಿ ಉತ್ತರ ಕೊಡಬೇಕೆಂದು ನನ್ನ ನಾಲಗೆ ನಾಲ್ಕು ಸಲವಾದರೂ ತುದಿಗೆ ಬಂದು ಹಿಂದೆ ಹೋಯಿತು. ಅವ್ವನ ಮಾತಿಲ್ಲದಿದ್ದರೆ ಮೊದಲನೆಯ ಬಿಡುವಿನಲ್ಲೇ ನಾನು ಬಾಯಿಹಾಕಿ ಎಲ್ಲವನ್ನೂ ಕೆಡಿಸುತ್ತಿದ್ದೆ.

ಅವರು ಹೇಳಿದ್ದು 2015ರ ಸಂಗತಿ. ಆ ವರ್ಷ ಜಿಲ್ಲೆಯಲ್ಲಿ ಕಬ್ಬು ಬೆಳೆಗಾರರು ಒಬ್ಬರ ಹಿಂದೊಬ್ಬರಂತೆ ಜೀವ ಕಳೆದುಕೊಂಡದ್ದನ್ನು ನಾನು ಪತ್ರಿಕೆಯಲ್ಲಿ ಓದಿ ಮರುಗಿದ್ದೆ, ತರಗತಿಯಲ್ಲಿ ಅದರ ಬಗ್ಗೆ ಮಾತನಾಡಿಯೂ ಇದ್ದೆ. ಆದರೆ ಅದೇ ವರ್ಷ ಮಾವ ಕಬ್ಬು ಸಾಗಿಸಿದ್ದ ಕಾರ್ಖಾನೆಯೊಂದು ತಿಂಗಳುಗಟ್ಟಲೆ ಬಟವಾಡೆ ಮಾಡಿರಲಿಲ್ಲವೆಂಬುದಾಗಲಿ, ಅತ್ತೆಯ ಕೊರಳಿನ ಸರ ಅಡವಿಗೆ ಹೋಗಿತ್ತೆಂಬುದಾಗಲಿ, ಒಂದು ರಾತ್ರಿ ಮಾವ ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಒಬ್ಬರೇ ಬಹಳ ಹೊತ್ತು ಕುಳಿತಿದ್ದರೆಂಬುದಾಗಲಿ ನನಗೆ ಗೊತ್ತಿರಲಿಲ್ಲ. ನಮ್ಮ ಮನೆಗೂ ಆ ನಾಲೆಗೂ ಕೂಗಳತೆ. ಅವರು ಇದನ್ನು ದೂರಿನಂತೆ ಹೇಳಲಿಲ್ಲ, ಮಡ್ಡಿ ತೆಗೆಯುತ್ತಲೇ ಹೇಳಿದರು.

ಹಾಲು ಗಟ್ಟಿಯಾಗುತ್ತಾ ಬಂದಾಗ ಸ್ವಲ್ಪ ಪಾಕವನ್ನು ತಣ್ಣೀರಿನ ಬೋಗುಣಿಗೆ ಬಿಟ್ಟು, ಬೆರಳುಗಳ ನಡುವೆ ಉಂಡೆ ಮಾಡಿ ನೋಡಿದರು. ಹದ ಬಂದಿರಲಿಲ್ಲ. ಕೈ ಒರೆಸಿಕೊಂಡು, ಗೂಟಕ್ಕೆ ನೇತುಹಾಕಿದ್ದ ಚೀಲದಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದು ನನ್ನ ಕೈಗಿಟ್ಟರು. 2018ರಲ್ಲಿ ಕುಮಾರಸ್ವಾಮಿಯವರ ಸರ್ಕಾರ ಘೋಷಿಸಿದ ಬೆಳೆಸಾಲ ಮನ್ನಾದಲ್ಲಿ ಸೊಸೈಟಿಯ ಸಾಲ 90 ಸಾವಿರ ರೂಪಾಯಿ ತೀರಿತೆಂಬ ಪತ್ರ ಅದರಲ್ಲಿತ್ತು. ಪಾಸ್‌ಬುಕ್ಕು, ಪಹಣಿ, ಆಧಾರ್ ಕಾರ್ಡಿನ ಜೊತೆಗೆ ಅದೂ. "ದುಡ್ಡಿಗೆ ಬಿದ್ದ ವೋಟು ಅಂದ್ಯಲ್ಲ, ಇದೇ ಕಣಪ್ಪ ಆ ದುಡ್ಡು. ಇದ ಯಾರೂ ರಾತ್ರೋರಾತ್ರಿ ತಂದು ಕೊಟ್ಟಿದ್ದಲ್ಲ" ಎಂದರು. ಬೆಲ್ಲದ ಜಿಗುಟು ಅಂಟಿದ ಅವರ ಬೆರಳಿನ ಗುರುತು ಆ ಕವರಿನ ಮೂಲೆಯಲ್ಲಿ ಮೂಡಿತ್ತು. ನಾನು ಅದನ್ನು ಹಿಡಿದುಕೊಂಡು ಕುಳಿತೆ. ಸಾಲಮನ್ನಾದ ಅರ್ಥಶಾಸ್ತ್ರದ ಬಗ್ಗೆ ನನಗೆ ಇಂದಿಗೂ ತಕರಾರುಗಳಿವೆ, ಆದರೆ ಆ ಹೊತ್ತಿನಲ್ಲಿ ಅವುಗಳನ್ನು ಎತ್ತುವ ಯೋಗ್ಯತೆ ನನಗಿರಲಿಲ್ಲ.

ಇನ್ನೊಂದು ಮಾತನ್ನೂ ಅವರು ಹೇಳಿದರು. 2018ರ ನವೆಂಬರ್ 25ರಂದು ಅಂಬರೀಶ್ ಅವರ ಪಾರ್ಥಿವ ಶರೀರವನ್ನು ಮಂಡ್ಯದ ವಿಶ್ವೇಶ್ವರಯ್ಯ ಕ್ರೀಡಾಂಗಣಕ್ಕೆ ತಂದಾಗ ಮಾವ ಊರಿನಿಂದ ಹೋಗಿ ರಾತ್ರಿಯೆಲ್ಲ ಸರತಿಯಲ್ಲಿ ನಿಂತಿದ್ದರಂತೆ. ಅದಕ್ಕೆ ಹಿಂದಿನ ದಿನವಷ್ಟೇ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸು ನಾಲೆಗೆ ಬಿದ್ದು 30 ಜನ ಸತ್ತಿದ್ದರು. ಇಡೀ ಜಿಲ್ಲೆ ಎರಡೆರಡು ದುಃಖಗಳನ್ನು ಒಟ್ಟಿಗೆ ಹೊತ್ತಿದ್ದ ದಿನ ಅದು. ನಾನೂ ಅದೇ ಕ್ರೀಡಾಂಗಣದಲ್ಲಿದ್ದೆ, ಆದರೆ ಮಾವನನ್ನು ಕಂಡಿರಲಿಲ್ಲ. ಆ ಕಡೆಗೆ ಮತ ಹಾಕಿದವರಿಗೆ ಅಂಬರೀಶ್ ಮೇಲೆ ಪ್ರೀತಿಯಿರಲಿಲ್ಲವೆಂದು ಪ್ರಚಾರದುದ್ದಕ್ಕೂ ನಂಬಿದ್ದೆ. ಸುಮಲತಾ ಅವರಿಗೆ 7,03,660 ಮತ, ನಿಖಿಲ್ ಅವರಿಗೆ 5,77,784 ಮತ ಬಂದಿತ್ತು. ಆ ಐದು ಮುಕ್ಕಾಲು ಲಕ್ಷ ಜನರ ಮೇಲೆ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿದ್ದ ನಾನು, ಅವರಲ್ಲಿ ಒಬ್ಬರನ್ನಾದರೂ ಯಾಕೆಂದು ಕೇಳಿರಲಿಲ್ಲ. ನನ್ನನ್ನು ಎತ್ತಿ ಆಡಿಸಿದ ಮಾವನನ್ನೂ ಕೇಳಿರಲಿಲ್ಲ.

ಪಾಕವನ್ನು ತೊಟ್ಟಿಗೆ ಸುರಿದ ಮೇಲೆ, "ಈಗ ನೀನೇಳು, ಆಯಮ್ಮಂಗೆ ಯಾಕಾಕ್ದೆ?" ಎಂದು ಅವರು ಕೇಳಿದರು. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳ ಬಗ್ಗೆ ವೇದಿಕೆಗಳಲ್ಲಿ ಆಡಿದ ಹಗುರ ಮಾತುಗಳು ನನ್ನನ್ನು ನೋಯಿಸಿದವೆಂದು, ಅಧಿಕಾರದಲ್ಲಿರುವ ಕುಟುಂಬದ ಎದುರು ಪಕ್ಷದ ಚಿಹ್ನೆಯೂ ಇಲ್ಲದೆ ನಿಲ್ಲುವುದು ಸಣ್ಣ ಸಂಗತಿಯಲ್ಲವೆಂದು ನಾನು ಹೇಳಿದೆ. ಹೇಳುತ್ತಾ ನನ್ನ ದನಿ ತಾನಾಗಿ ತಗ್ಗಿತ್ತು. ಅವರು ಕೊನೆಯವರೆಗೂ ಕೇಳಿ, "ಆ ಮಾತ್ಗಳು ನಂಗೂ ಸರಿ ಕಾಣ್ನಿಲ್ಲ" ಎಂದರು. ನಾನು "ತಪ್ಪಾಯ್ತು ಮಾವ" ಎಂದೆ. "ಆ ಅಚ್ಚುಗಳ ಈ ಕಡಿಕ್ ಎಳಿ, ಆರೋಯ್ತದೆ" ಎಂದರು. ಮಧ್ಯಾಹ್ನದವರೆಗೆ ಇಬ್ಬರೂ ಅಚ್ಚಿಗೆ ಬೆಲ್ಲ ತುಂಬಿದೆವು.

ಆ ದಿನದಿಂದ ನಾನು ಒಂದು ಅಭ್ಯಾಸ ಮಾಡಿಕೊಂಡೆ. ರಾಜಕೀಯದ ಮಾತು ಬಂದಾಗ ಎದುರಿನವರು ಹೇಳಿದ್ದನ್ನು ಮೊದಲು ನನ್ನ ಮಾತಿನಲ್ಲಿ ತಿರುಗಿ ಹೇಳಿ, ಅವರು ಹೌದೆಂದ ಮೇಲೆಯೇ ನನ್ನದನ್ನು ಹೇಳುತ್ತೇನೆ. ತರಗತಿಯ ಚರ್ಚೆಗಳಲ್ಲೂ ಇದನ್ನೇ ನಿಯಮ ಮಾಡಿದ್ದೇನೆ. ಅವಸರದಲ್ಲಿ ಮರೆತು ಮೊದಲಿನಂತೆಯೇ ಮೇಲೆ ಬಿದ್ದ ದಿನಗಳೂ ಇವೆ.

2024ರ ಜೂನ್ 4ರಂದು ಮತ್ತೆ ಫಲಿತಾಂಶ ಬಂತು. ಸುಮಲತಾ ಅಷ್ಟರಲ್ಲಿ ಬಿಜೆಪಿ ಸೇರಿ ಕುಮಾರಸ್ವಾಮಿಯವರನ್ನು ಬೆಂಬಲಿಸಿದ್ದರು, ಕುಮಾರಸ್ವಾಮಿ 2,84,620 ಮತಗಳ ಅಂತರದಿಂದ ಗೆದ್ದರು. ಯಾವ ಎರಡು ಕಡೆಗಳಿಗಾಗಿ ನಾನು ಮಾವನ ಮನಸ್ಸು ಮುರಿದಿದ್ದೆನೋ ಅವೆರಡೂ ಒಂದಾದದ್ದು ನನಗೆ ಸಹಿಸಲಾಗಲಿಲ್ಲ; ಆ ಸಲ ನನ್ನ ಮತ ಸೋತ ಕಡೆಗೆ ಹೋಗಿತ್ತು. ಮಾರನೆಯ ದಿನ ಮಾವ ಬಸ್ಸಿನಲ್ಲಿ ಮಂಡ್ಯಕ್ಕೆ ಬಂದರು. ಪತ್ರಿಕೆಯ ಕಾಗದದಲ್ಲಿ ಸುತ್ತಿದ ನಾಲ್ಕು ಅಚ್ಚು ಬೆಲ್ಲವನ್ನು ಅವ್ವನ ಕೈಗೆ ಕೊಟ್ಟು, ಮಂಡಿ ಹಿಡಿದುಕೊಂಡು ಮೆಲ್ಲಗೆ ಕುರ್ಚಿಯಲ್ಲಿ ಕುಳಿತು, "ಏಳಪ್ಪ ಅಳಿಯ, ನಿಂಗೆ ಯಾಕ್ ಒಪ್ಗೆ ಆಗ್ನಿಲ್ಲ?" ಎಂದರು. ಕಾಫಿ ತಣ್ಣಗಾಗುವವರೆಗೂ ನಾನು ಹೇಳಿದೆ. ಅವರು ಲೋಟ ಮುಟ್ಟದೆ ಕೇಳಿಸಿಕೊಂಡರು.